ಬಿರುಕಿನ ಬುಡದವರೆಗೆ

ಮುರಿದ ಡೈ ತಂದವರು ಅದನ್ನು ಟೇಬಲ್ಲಿನ ಮೇಲೆ ಇಳಿಸುತ್ತಲೇ ಕೇಳುತ್ತಾರೆ: "ಮೊದಲಿನಂಗ ಆಗತೈತೇನ್ರೀ?" ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಹಾರ್ಡ್ನಿಂಗ್ ಆದ, ಅಂದರೆ ಗಡಸು ಮಾಡಿದ ಉಕ್ಕಿನ ಡೈ (ಅಚ್ಚು), ಪಂಚು, ಕತ್ತರಿ ಬ್ಲೇಡು, ಪಿನಿಯನ್ನಿನ ಹಲ್ಲು ಇಂಥವು ಸೀಳಿದಾಗ, ಚಕ್ಕೆ ಎದ್ದಾಗ, ಸವೆದಾಗ ವೆಲ್ಡಿಂಗ್ ಮಾಡಿ ದುರಸ್ತಿ ಮಾಡಿಕೊಡುವುದು ನಮ್ಮ ಕಸುಬು. ಸುತ್ತಲಿನ ಫೌಂಡ್ರಿ, ಮಷಿನ್ ಶಾಪ್‌ಗಳಿಂದ ವರ್ಷವಿಡೀ ಕೆಲಸ ಬರುತ್ತದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ ಇನ್ನಷ್ಟು. ಎಲ್ಲರಿಗೂ ನಾನು ಹೇಳುವ ಉತ್ತರ ಒಂದೇ: "ಮೊದಲಿನಂಗ ಆಗೂದಿಲ್ರೀ. ಕೆಲಸಕ್ಕ ಬರತೈತಿ."

ಈ ಉತ್ತರ ನನಗೆ ಕೆಲಸ ಕಲಿಸಿದ ಮಿಸ್ತ್ರಿಯವರದು. ಗಿರಾಕಿಗೆ ಸುಳ್ಳು ಭರವಸೆ ಕೊಡಬಾರದು ಎಂಬ ಶಿಸ್ತಾಗಿ ಅವರು ಅದನ್ನು ಹೇಳಿಕೊಟ್ಟಿದ್ದರು. ವಯಸ್ಸಾಗುತ್ತ ಬಂದಂತೆ ನನಗೆ ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರದಂತೆಯೂ ಕೇಳಿಸುತ್ತಿದೆ. ಮನುಷ್ಯ ತಪ್ಪು ಮಾಡುತ್ತಾನೆ, ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾನೆ. ಆಗ ಮಾಡಿದ್ದು ಅಳಿಯುತ್ತದೆಯೇ? ಅಳಿಯುವುದಿಲ್ಲ ಎಂದಾದರೆ ಪ್ರಾಯಶ್ಚಿತ್ತ ಯಾತಕ್ಕೆ?

ನಮ್ಮದು ಚಿಕ್ಕೋಡಿ ಕಡೆಯ ದಿಗಂಬರ ಜೈನ ಮನೆತನ. ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ದಿನಕ್ಕೊಂದು ಅಧ್ಯಾಯದಂತೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ಓದಿ ವಿವರಿಸುತ್ತಾರೆ. 357 ಸೂತ್ರಗಳ ಆ ಪುಟ್ಟ ಗ್ರಂಥ ನಮ್ಮ ಆಯಿಗೆ ಬಾಯಿಪಾಠವಾಗಿತ್ತು. ಒಂಬತ್ತನೆಯ ದಿನ ಒಂಬತ್ತನೆಯ ಅಧ್ಯಾಯ. ಕರ್ಮ ಒಳಗೆ ಹರಿದು ಬರುವುದನ್ನು ತಡೆಯುವುದು ಹೇಗೆ, ಈಗಾಗಲೇ ಒಳಗಿರುವುದನ್ನು ಉದುರಿಸುವುದು ಹೇಗೆ ಎಂಬುದು ಅದರ ವಿಷಯ. ಅದರ 22ನೆಯ ಸೂತ್ರ ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಹೇಳುತ್ತದೆ. ತಪ್ಪನ್ನು ಗುರುವಿನ ಮುಂದೆ ತೆರೆದಿಡುವ ಆಲೋಚನೆಯಿಂದ ಅದು ಶುರುವಾಗುತ್ತದೆ. ದೀಕ್ಷೆಯನ್ನೇ ಹೊಸದಾಗಿ ಕೊಡುವ ಉಪಸ್ಥಾಪನೆಯಲ್ಲಿ ಮುಗಿಯುತ್ತದೆ. ಇವು ಮುನಿಗಳಿಗೆ ಹೇಳಿದವು. ಗೃಹಸ್ಥರಾದ ನಾವು ಬಸದಿಯಲ್ಲಿ ಕುಳಿತು ಕೇಳುವವರು. ಹುಡುಗನಾಗಿದ್ದಾಗ ಬರೀ ಹೆಸರುಗಳ ಸಾಲಾಗಿ ಕೇಳಿದ್ದು ಕೈಗೆ ವೆಲ್ಡಿಂಗ್ ಟಾರ್ಚ್ ಬಂದ ಮೇಲೆ ಕೆಲಸದ ಕ್ರಮವಾಗಿ ಕಾಣತೊಡಗಿತು.

ಬೆಂಕಿಯ ಕೆಲಸ ನಮ್ಮವರಿಗೆ ಸಲ್ಲದು ಎಂದು ಆಗ ಸಂಬಂಧಿಕರಲ್ಲಿ ಕೆಲವರು ಹೇಳಿದ್ದುಂಟು. ಬೆಂಕಿಯಲ್ಲೂ ಜೀವವುಂಟು ಎನ್ನುವ ಧರ್ಮ ನಮ್ಮದು, ಅವರ ಆಕ್ಷೇಪ ಹಗುರವಾದದ್ದಲ್ಲ. ಆದರೆ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಬೇಕು, ಹೊಟ್ಟೆಪಾಡಿನ ಉದ್ಯಮೀ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂದು ಶಾಸ್ತ್ರ ಬೇರ್ಪಡಿಸಿ ಹೇಳುತ್ತದೆ. ಒಂದು ಡೈ ಉಳಿದರೆ ಅಷ್ಟು ಉಕ್ಕನ್ನು ಹೊಸದಾಗಿ ಕರಗಿಸುವ ಬೆಂಕಿಯೂ ಉಳಿಯುತ್ತದೆ. ಇದು ನಾನು ಹೂಡುವ ವಾದ, ಆಯಿ ಒಪ್ಪಿದ್ದಳು.

ಗಡಸು ಉಕ್ಕು ಅಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅಲ್ಯುಮಿನಿಯಂ ಡೈ-ಕಾಸ್ಟಿಂಗಿನ ಅಚ್ಚುಗಳಿಗೆ ಸಾಮಾನ್ಯವಾಗಿ ಬಳಸುವುದು ಎಚ್-13 ಎಂಬ ಉಕ್ಕು. ಅದರಲ್ಲಿ ಇಂಗಾಲ ಶೇ. 0.4ರಷ್ಟು, ಕ್ರೋಮಿಯಂ ಶೇ. 5ರಷ್ಟು. ಅದನ್ನು ಸುಮಾರು 1020 ಡಿಗ್ರಿಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲಕ್ಕೆ ಒಳಗೆ ಜಾಗ ಸಿಗುತ್ತದೆ. ಬೇಗ ಆರಿಸಿದರೆ ಆ ಜೋಡಣೆ ಮತ್ತೆ ಬದಲಾಗಬೇಕು, ಆದರೆ ಇಂಗಾಲಕ್ಕೆ ಹೊರಬರಲು ಸಮಯ ಸಾಲದೆ ಸಿಕ್ಕಿಹಾಕಿಕೊಳ್ಳುತ್ತದೆ. ಕಬ್ಬಿಣದ ಜಾಲ ಹಿಗ್ಗಿ ಬಿಗಿದು ನಿಲ್ಲುತ್ತದೆ. ಲೋಹಶಾಸ್ತ್ರದವರು ಮಾರ್ಟೆನ್ಸೈಟ್ ಎನ್ನುವುದು ಇದನ್ನೇ. ಗಡಸುತನ ಹುಟ್ಟುವುದೇ ಆ ಒಳಗಿನ ಬಿಗುವಿನಿಂದ. ಹಾಗೇ ಬಿಟ್ಟರೆ ಅದು ಎಷ್ಟು ಗಡಸೋ ಅಷ್ಟೇ ಪೆಡಸು. ಕೈ ಜಾರಿ ಬಿದ್ದರೂ ಸೀಳಬಹುದು. ಅದಕ್ಕೇ 550ರಿಂದ 600 ಡಿಗ್ರಿಯಲ್ಲಿ ಎರಡು ಮೂರು ಸಲ ಟೆಂಪರಿಂಗ್ ಮಾಡಿ ಬಿಗುವನ್ನು ಸ್ವಲ್ಪ ಸಡಿಲಿಸುತ್ತಾರೆ. ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 46ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ತಗಡು ಕತ್ತರಿಸುವ ಪ್ರೆಸ್ ಟೂಲುಗಳ ಡಿ-2 ಉಕ್ಕು ಇನ್ನೂ ಕಠಿಣ: ಇಂಗಾಲ ಶೇ. 1.5, ಕ್ರೋಮಿಯಂ ಶೇ. 12, ಗಡಸುತನ 58ರಿಂದ 60.

ಇಂಥ ಉಕ್ಕಿನ ಮೇಲೆ ವೆಲ್ಡಿಂಗಿನ ಆರ್ಕ್ ಹೊಡೆದಾಗ ಏನಾಗುತ್ತದೆ ನೋಡಿ. ಟಾರ್ಚಿನ ತುದಿಯ ಕೆಳಗೆ ಲೋಹ ಕರಗಿ ಹೊಂಡವಾಗುತ್ತದೆ, 1400 ಡಿಗ್ರಿಗೂ ಮೇಲೆ. ಕೆಲವೇ ಮಿಲಿಮೀಟರ್ ಆಚೆ ಉಕ್ಕು ತಣ್ಣಗಿದೆ. ಆ ತಣ್ಣನೆಯ ದೊಡ್ಡ ಗಡ್ಡೆ ಬಿಸಿಯನ್ನು ಎಳೆದುಕೊಳ್ಳುವ ವೇಗಕ್ಕೆ ಎಣ್ಣೆಯಲ್ಲಿ ಅದ್ದಿದರೂ ಸಮವಲ್ಲ. ಕರಗಿದ ಲೋಹಕ್ಕೆ ಅಂಟಿಕೊಂಡ ಪಟ್ಟಿಯೊಂದು ಮತ್ತೊಮ್ಮೆ ಹಾರ್ಡ್ ಆಗುತ್ತದೆ, ಟೆಂಪರಿಂಗ್ ಇಲ್ಲದ ಪೆಡಸು ಸ್ಥಿತಿಯಲ್ಲಿ. ಅದರಾಚೆಯ ಇನ್ನೊಂದು ಪಟ್ಟಿ ಹಳೆಯ ಟೆಂಪರಿಂಗಿನ ಶಾಖವನ್ನೂ ಮೀರಿ ಕಾದು ಮೆತ್ತಗಾಗುತ್ತದೆ. ಅಕ್ಕಪಕ್ಕದಲ್ಲೇ ಒಂದು ಅತಿ ಪೆಡಸು, ಒಂದು ಅತಿ ಮೆದು. ಎರಡನೆಯ ಸಲ ಮುರಿದು ನಮ್ಮಲ್ಲಿಗೆ ಬರುವ ಡೈಗಳಲ್ಲಿ ಹಳೆಯ ವೆಲ್ಡಿಂಗ್ ಬೀಡ್, ಅಂದರೆ ತುಂಬಿದ ಲೋಹದ ಸಾಲು, ಬಹಳ ಸಲ ಹಾಗೇ ಗಟ್ಟಿಯಾಗಿರುತ್ತದೆ. ಸೀಳಿರುವುದು ಅದರ ಪಕ್ಕದ ಉಕ್ಕು, ಮೊದಲು ಯಾವ ದೋಷವೂ ಇಲ್ಲದಿದ್ದ ಜಾಗ.

ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ್ದು ಇದೇ. ಗಾಯ ಮುಚ್ಚಲು ತಂದ ಶಾಖವೇ ಪಕ್ಕದ ಆರೋಗ್ಯವಂತ ಉಕ್ಕನ್ನು ಕೆಡಿಸುತ್ತದೆ. ಉಪಾಯ ಒಂದೇ: ಗಾಯವನ್ನಷ್ಟೇ ಕಾಯಿಸದೆ ದುರಸ್ತಿಗೆ ಬಂದ ಇಡೀ ಜಾಬ್ ಕಾಯಿಸಬೇಕು. ಎಚ್-13 ಆದರೆ 300 ಡಿಗ್ರಿಯ ಮೇಲೆ. ಡಿ-2 ಆದರೆ ಅದರ ಟೆಂಪರಿಂಗ್ ಎಷ್ಟಕ್ಕೆ ಆಗಿದೆ ಎಂದು ನೋಡಿಕೊಂಡು 200–250. ಟೆಂಪರಿಂಗ್ ಶಾಖವನ್ನು ಮಾತ್ರ ಎಂದೂ ದಾಟುವಂತಿಲ್ಲ. ದಾಟಿದರೆ ಇಡೀ ಡೈಯ ಗಡಸುತನ ಇಳಿದುಹೋಗುತ್ತದೆ. ಮೇಲ್ಮೈ ಬಿಸಿಯಾದರೆ ಸಾಲದು, ನಡುಮಧ್ಯದವರೆಗೆ ಶಾಖ ಇಳಿಯಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಾಸು ಎಂಬುದು ನಮ್ಮ ಅಂದಾಜು ಲೆಕ್ಕ. ಕೆಲಸ ಮುಗಿಯುವವರೆಗೂ ಆ ಶಾಖ ಇಳಿಯಬಾರದು, ನಡುವೆ ಊಟಕ್ಕೆ ಎದ್ದರೂ ಬರ್ನರ್ ಉರಿಯುತ್ತಿರಬೇಕು. ಅವಸರದ ಗಿರಾಕಿಗೆ ಈ ತಾಸುಗಳೆಲ್ಲ ದಂಡ. "ಬರೇ ಇಷ್ಟ ಜಾಗಾ ಐತಿ, ಎರಡ ಟಾಕಿ ಹೊಡದ ಕೊಡ್ರಿ" ಅನ್ನುತ್ತಾರೆ.

ಅಣ್ಣತಮ್ಮಂದಿರ ಮನಸ್ತಾಪ ಬಿಡಿಸಲು ಕುಳಿತ ಹಿರಿಯರೂ ಹಲವು ಸಲ ಇದೇ ಮಾತು ಆಡುತ್ತಾರೆ. ಆ ಒಂದು ಮಾತಿಗೆ ಅವನು ಕೈ ಮುಗಿಯಲಿ, ಇವನು ಒಪ್ಪಲಿ, ಮುಗಿಯಿತು. ಇಬ್ಬರನ್ನೂ ಎದುರುಬದುರು ಕೂರಿಸಿ ಒಂದೇ ಬಿಂದುವಿನ ಮೇಲೆ ಎಲ್ಲ ಬಿಸಿಯನ್ನೂ ಸುರಿಯುತ್ತಾರೆ. ಆ ಒಂದು ಜಾಗ ಕೂಡಿಕೊಂಡದ್ದುಂಟು. ಮರುವರ್ಷ ಅತ್ತಿಗೆ ನಾದಿನಿಯರ ನಡುವೆ, ಮಕ್ಕಳ ನಡುವೆ ಸೀಳಿದ್ದನ್ನೂ ಕಂಡಿದ್ದೇನೆ.

ಈಗ ಆಲೋಚನೆಗೆ ಬರುತ್ತೇನೆ, ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ಮೊದಲನೆಯದಕ್ಕೆ. ಜಾಬ್ ತಂದವರನ್ನು ನಾನು ಕೇಳುವುದು ಮೂರು: ಯಾವ ಗ್ರೇಡಿನ ಉಕ್ಕು, ಎಷ್ಟು ಗಡಸು, ಮೊದಲು ಎಲ್ಲಾದರೂ ವೆಲ್ಡ್ ಆಗಿದೆಯೇ. ಮೂರನೆಯದಕ್ಕೆ ಬಹುತೇಕ ಎಲ್ಲರೂ "ಇಲ್ರೀ" ಅನ್ನುತ್ತಾರೆ. ಆ ಜಾಗವನ್ನು ಗ್ರೈಂಡ್ ಮಾಡಿ, ಪಾಲಿಶ್ ಹಿಡಿಸಿ, ಸ್ಪಿರಿಟ್ಟಿನಲ್ಲಿ ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣ ಹಚ್ಚಿದರೆ ಹಳೆಯ ವೆಲ್ಡ್ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ, ಸುತ್ತ ಶಾಖ ತಗುಲಿದ ಪಟ್ಟಿಯ ಸಮೇತ. ಯಾವ ವೈರಿನಿಂದ ತುಂಬಿದ್ದರೋ ಗೊತ್ತಿಲ್ಲದ ಆ ಲೋಹದ ಮೇಲೆ ನಾನು ಹೊಸದನ್ನು ತುಂಬಿದರೆ ಅದು ನಿಲ್ಲುವುದು ದೈವಾಧೀನ. ಹಾಗಾಗಿ ಮೊದಲು ಹಳೆಯದನ್ನೆಲ್ಲ ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ಶಿವಾರ್ಯರ ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳ ವಿವರವಿದೆ. ನಮ್ಮ ಹಳಗನ್ನಡ ಗದ್ಯದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲವಾದ ಗಾಹೆಗಳು, ಅಂದರೆ ಪದ್ಯಗಳು, ಇರುವ ಗ್ರಂಥವೇ ಅದು. ತಪ್ಪು ಹೇಳಿಕೊಳ್ಳುವವರು ಹೇಗೆಲ್ಲ ಹೇಳದೆ ಉಳಿಯುತ್ತಾರೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ನೋಡಿದ ಬರಹವನ್ನು ನಾನು ಬೇರೆ ಓದಿಲ್ಲ. ಬೇರೆಯವರ ಕಣ್ಣಿಗೆ ಬಿದ್ದದ್ದನ್ನಷ್ಟೇ ಒಪ್ಪಿಕೊಂಡು ಕಾಣದ್ದನ್ನು ನುಂಗುವುದು ಒಂದು ದೋಷ. ದೊಡ್ಡ ತಪ್ಪುಗಳನ್ನು ಮಾತ್ರ ಹೇಳುವುದು ಒಂದು. ಅದಕ್ಕೆ ವಿರುದ್ಧವಾಗಿ, ತಾನೆಷ್ಟು ನಾಜೂಕಿನವನು ಎಂದು ತೋರುವಂತೆ ಬರೀ ಸಣ್ಣ ತಪ್ಪುಗಳನ್ನು ಹೇಳಿ ದೊಡ್ಡದನ್ನು ಅವುಗಳ ಹಿಂದೆ ಅಡಗಿಸುವುದು ಇನ್ನೊಂದು. ಅನೇಕರು ಒಟ್ಟಿಗೆ ಪ್ರತಿಕ್ರಮಣ, ಅಂದರೆ ಆದ ತಪ್ಪುಗಳಿಂದ ಹಿಂದೆ ಸರಿಯುವ ವಿಧಿ, ಮಾಡುವಾಗ ಆ ಗದ್ದಲದಲ್ಲಿ ಗುರುವಿಗೆ ಕೇಳಿಸದಂತೆ ಹೇಳಿ ಮುಗಿಸುವುದೂ ದೋಷ. ತಿಳಿವಳಿಕೆ ಇಲ್ಲದವನ ಮುಂದೆ ಹೇಳಿಕೊಳ್ಳುವುದು ದೋಷ. ಅದೇ ತಪ್ಪನ್ನು ತಾನೂ ಮಾಡುವವನ ಬಳಿ ಹೋಗಿ ಹೇಳಿಕೊಳ್ಳುವುದು ಕೊನೆಯ ದೋಷ. ಅವನು ಹೆಚ್ಚು ಕೇಳುವುದಿಲ್ಲ, ಹಗುರಾದ ಶಿಕ್ಷೆ ಕೊಟ್ಟು ಕಳಿಸುತ್ತಾನೆ.

ಇವೆಲ್ಲವನ್ನೂ ನನ್ನ ಶೆಡ್ಡಿನ ಬಾಗಿಲಲ್ಲಿ ಕಂಡಿದ್ದೇನೆ. ಎದುರಿಗೆ ಕಾಣುವ ದೊಡ್ಡ ಸೀಳನ್ನು ತೋರಿಸಿ, ಹಿಂದಿನ ಮೂಲೆಯಲ್ಲಿ ಗ್ರೈಂಡ್ ಮಾಡಿ ನುಣುಪು ಮಾಡಿದ್ದನ್ನು ಬಿಡುವವರು. ಡೈ ಹೊರಗೆ ಬಿದ್ದಿತ್ತು, ತುಕ್ಕು ಹಿಡಿದಿತ್ತು ಎಂಬ ಚಿಲ್ಲರೆ ವಿಷಯ ವಿಸ್ತಾರವಾಗಿ ಹೇಳಿ, ಅದು ಬಿಸಿಯಿದ್ದಾಗ ನೀರು ಸುರಿದದ್ದನ್ನು ಹೇಳದವರು. ಮೊದಲು ಜಾಬ್ ಕಾಯಿಸುವ ಪ್ರಿಹೀಟ್ ಮಾಡದೆ, ಏನೂ ಕೇಳದೆ ಅರ್ಧ ತಾಸಿನಲ್ಲಿ ಮಾಡಿಕೊಡುವವರನ್ನು ಹುಡುಕಿಕೊಂಡು ಹೋಗುವವರಂತೂ ಬಹಳ. ಪಾಪವನ್ನು ಗುರುವಿನಿಂದ ಮುಚ್ಚಿಡುವ ಮನಸ್ಸು, ಬಿರುಕನ್ನು ವೆಲ್ಡರ್‌ನಿಂದ ಮುಚ್ಚಿಡುವ ಮನಸ್ಸು ಎರಡೂ ಒಂದೇ ಹೆದರಿಕೆಯಿಂದ ಹುಟ್ಟುತ್ತವೆ ಎಂದು ನನಗೆ ಅನಿಸುತ್ತದೆ. ಪೂರ್ತಿ ಹೇಳಿದರೆ ಇದು ಭಂಗಾರಕ್ಕೇ, ಅಂದರೆ ಗುಜರಿಗೇ ಸರಿ ಎಂದುಬಿಟ್ಟಾರು ಎಂಬ ಹೆದರಿಕೆ ಅದು.

ಹೇಳಿದ ಮೇಲೆ ನೋಡುವುದು. ಡೈ ತೊಳೆದು ಒಣಗಿಸಿ ಕೆಂಪು ಬಣ್ಣದ ಡೈ-ಪೆನೆಟ್ರಂಟ್ ಸಿಂಪಡಿಸಿ ಹತ್ತು ನಿಮಿಷ ಬಿಡುತ್ತೇವೆ. ಮೇಲಿನದನ್ನು ಒರೆಸಿ ಬಿಳಿಯ ಡೆವಲಪರ್ ಹೊಡೆದರೆ, ಬಿರುಕಿನೊಳಗೆ ಇಳಿದಿದ್ದ ಕೆಂಪು ಮೇಲೆ ಬಂದು ಗೆರೆಯಾಗಿ ಮೂಡುತ್ತದೆ. ಬರಿಗಣ್ಣಿಗೆ ಅರ್ಧ ಇಂಚು ಕಂಡದ್ದು ಅಲ್ಲಿ ಎರಡು ಇಂಚಾಗಿರುತ್ತದೆ. ಆಮೇಲೆ ಅಗೆಯುವ ಕೆಲಸ. ಬಿರುಕಿನ ಎರಡೂ ತುದಿಗಳಿಂದ ಸ್ವಲ್ಪ ಆಚೆಯಿಂದ ಹಿಡಿದು, ಬುಡದವರೆಗೆ ಗ್ರೈಂಡ್ ಮಾಡಿ ತೆರೆಯಬೇಕು. ತಳ ಚೂಪಾಗಿರಬಾರದು, ಗುಂಡಗಿರಬೇಕು. ಚೂಪು ಮೂಲೆಯಲ್ಲಿ ಬಿಗುವು ಸೇರಿ ಹೊಸ ಸೀಳಿಗೆ ದಾರಿಯಾಗುತ್ತದೆ. ಅಗೆದ ಮೇಲೆ ಮತ್ತೆ ಕೆಂಪು, ಮತ್ತೆ ಬಿಳಿ. ಕೂದಲಿನಷ್ಟು ಗೆರೆ ಉಳಿದಿದ್ದರೂ ಮತ್ತೆ ಅಗೆತ. ಹೊಸದಾಗಿ ಕಲಿಯಲು ಬಂದ ಹುಡುಗರಿಗೆ ಈ ಹಂತದಲ್ಲಿ ಜೀವ ತಡೆಯುವುದಿಲ್ಲ. ಸಣ್ಣ ಗಾಯ ಇಷ್ಟು ದೊಡ್ಡದಾಯಿತಲ್ಲ ಎಂದು ಗಿರಾಕಿಯೂ ಗಾಬರಿಯಾಗುತ್ತಾನೆ. ನಮ್ಮ ಮಿಸ್ತ್ರಿ ಅನ್ನುತ್ತಿದ್ದರು: "ತಮ್ಮಾ, ಬುಡದಾಗ ಒಂದೀಟ ಬಿಟ್ಟ ಮ್ಯಾಲ ಎಷ್ಟ ಚಂದ ತುಂಬಿದರೂ ಅದು ಮುಚ್ಚಿದ್ದು, ಕೂಡಿಸಿದ್ದಲ್ಲ."

ತುಂಬುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಳಕ್ಕೆ ಮೆದುವಾದ, ಎಳೆತ ತಾಳುವ ಸ್ಟೇನ್‌ಲೆಸ್ ಬಗೆಯ ಲೋಹದ ಹಾಸು, ಮೇಲಿನ ಕೆಲವು ಪದರ ಮಾತ್ರ ಗಡಸು, ಕಡಿಮೆ ಕರೆಂಟು, ಚಿಕ್ಕ ಚಿಕ್ಕ ಬೀಡುಗಳು, ಬೀಡ್ ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯ ಪೆಟ್ಟು, ಆರುವಾಗ ಅದು ಕುಗ್ಗಿ ಎಳೆಯುವ ಎಳೆತ ಸಡಿಲಾಗಲೆಂದು. ಅಗೆದ ಜಾಗದ ಹೊರಗೆ ಎಲ್ಲೂ ಆರ್ಕ್ ತಾಗಬಾರದು. ಒಂದು ಕ್ಷಣ ತಾಗಿ ಹೋದ ಚುಕ್ಕೆಯೂ ಗಾಜಿನಷ್ಟು ಪೆಡಸಾಗಿ ಮುಂದೊಂದು ದಿನ ಸೀಳಿನ ಹುಟ್ಟುಜಾಗವಾಗಬಹುದು.

ಒಂಬತ್ತನೆಯ ಅಧ್ಯಾಯದ ಹೆಚ್ಚಿನ ಆಳ ನನಗೆ ತೆರೆದದ್ದು ಹೈಡ್ರೋಜನ್ನಿನಿಂದ. ವೆಲ್ಡಿಂಗ್ ರಾಡಿನ ಲೇಪನದಲ್ಲಿ ಉಳಿದ ತೇವ, ಉಕ್ಕಿನ ಮೇಲಿನ ಎಣ್ಣೆ, ಗ್ರೀಸು, ತುಕ್ಕು ಇವು ಆರ್ಕಿನ ಶಾಖದಲ್ಲಿ ಒಡೆದು ಹೈಡ್ರೋಜನ್ ಬಿಡುತ್ತವೆ. ಕರಗಿದ ಲೋಹ ಅದನ್ನು ಹೀರುತ್ತದೆ. ಲೋಹ ಆರಿದ ಮೇಲೆ ಆ ಪರಮಾಣುಗಳು ಒಳಗೇ ಸರಿದಾಡುತ್ತ ಬಿಗುವು ಹೆಚ್ಚಿರುವ ಪೆಡಸು ಜಾಗಕ್ಕೆ ಹೋಗಿ ಸೇರುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಬೀಡ್ ಚೆನ್ನಾಗಿದೆ, ಪರೀಕ್ಷೆಯಲ್ಲಿ ಪಾಸಾಗಿದೆ, ಡೈ ಟೇಬಲ್ಲಿನ ಮೇಲೆ ಸುಮ್ಮನೆ ಕೂತಿದೆ. ಮರುದಿನವೋ ಅದರ ಮರುದಿನವೋ ತಾನಾಗಿ ಸೀಳುತ್ತದೆ. ಅದಕ್ಕೇ ಇಂಥ ಉಕ್ಕಿನ ಕೊನೆಯ ಪರೀಕ್ಷೆಯನ್ನು 48 ತಾಸು ಬಿಟ್ಟು ಮಾಡುವುದು ರೂಢಿ.

ಇದಕ್ಕೆ ಇರುವ ದಾರಿ ಎರಡು, ಎರಡೂ ಬೇಕು. ಮೊದಲನೆಯದು ಒಳಗೆ ಬರದಂತೆ ತಡೆಯುವುದು: ರಾಡುಗಳನ್ನು ಓವನ್ನಿನಲ್ಲಿ 300–350 ಡಿಗ್ರಿಗೆ ಒಣಗಿಸಿ ಬಿಸಿಯಾಗಿಯೇ ಬಳಸುವುದು, ಮೇಲ್ಮೈಯನ್ನು ಲೋಹ ಹೊಳೆಯುವವರೆಗೆ ಶುಚಿ ಮಾಡುವುದು. ಎರಡನೆಯದು, ತಡೆದರೂ ಒಳಬಂದದ್ದನ್ನು ಹೊರಗೆ ಹಾಕುವುದು: ಕೆಲಸ ಮುಗಿದ ಮೇಲೂ ಜಾಬನ್ನು ತಾಸುಗಟ್ಟಲೆ ಬಿಸಿಯಲ್ಲೇ ಹಿಡಿದು ಹೈಡ್ರೋಜನ್ ಮೆಲ್ಲಗೆ ಹೊರಟುಹೋಗುವಂತೆ ಮಾಡುವುದು. ಆಮೇಲೆ ನಿಧಾನವಾಗಿ ಆರಿಸಿ, ಮತ್ತೆ ಟೆಂಪರಿಂಗ್. ಜೈನ ಶಾಸ್ತ್ರದಲ್ಲಿ ಕರ್ಮ ಅಂದರೆ ಬರೀ ಲೆಕ್ಕದ ಮಾತಲ್ಲ, ಅದು ಸೂಕ್ಷ್ಮ ಪುದ್ಗಲ, ಜೀವಕ್ಕೆ ಬಂದು ಅಂಟುವ ವಸ್ತು. ಅದು ಹರಿದು ಬರುವುದು ಆಸ್ರವ, ತಡೆಯುವುದು ಸಂವರ, ಅಂಟಿದ್ದು ಉದುರುವುದು ನಿರ್ಜರೆ. ನಿರ್ಜರೆಗೆ ಮುಖ್ಯ ಸಾಧನ ತಪಸ್ಸು. ಬರೀ ತಡೆದರೆ ಹಳೆಯದು ಒಳಗೇ ಉಳಿಯುತ್ತದೆ. ಬರೀ ತಪಸ್ಸು ಮಾಡಿ ಬಾಗಿಲು ತೆರೆದಿಟ್ಟರೆ ಉದುರಿದಷ್ಟೇ ಮತ್ತೆ ಬಂದು ಸೇರುತ್ತದೆ. ಒಂದು ವ್ರತ ಮಾಡಿದೆ, ಒಂದು ಉಪವಾಸ ಮಾಡಿದೆ, ಈಗ ನಾನು ಶುದ್ಧ ಎಂದು ಪರ್ವ ಮುಗಿದ ಮರುದಿನವೇ ಹಳೆಯ ದಾರಿ ಹಿಡಿಯುವವರನ್ನು ಕಂಡಾಗ ನನಗೆ ಒಣಗಿಸದ ರಾಡು ನೆನಪಿಗೆ ಬರುತ್ತದೆ.

ಇಲ್ಲಿಯವರೆಗೆ ಉಕ್ಕು ಮತ್ತು ಶಾಸ್ತ್ರ ಜೊತೆಯಾಗಿ ನಡೆದವು. ಇನ್ನು ಬೇರೆಯಾಗುವ ಜಾಗ. ಉಕ್ಕು ಅಜೀವ. ಅದು ಪಶ್ಚಾತ್ತಾಪ ಪಡುವುದಿಲ್ಲ. ಅದನ್ನು ಇನ್ನೊಬ್ಬರು ದುರಸ್ತಿ ಮಾಡಬಹುದು. ಜೀವಕ್ಕೆ ಹಾಗಿಲ್ಲ. ನನ್ನ ಕರ್ಮವನ್ನು ನಾನೇ ಉದುರಿಸಬೇಕು, ಗುರು ದಾರಿ ಹೇಳಬಲ್ಲರೇ ಹೊರತು ನನ್ನ ಬದಲು ತಪಸ್ಸು ಮಾಡಲಾರರು. ಕ್ಷಮಿಸಿ ಬಿಡುವ ಸೃಷ್ಟಿಕರ್ತ ನಮ್ಮಲ್ಲಿಲ್ಲ. ಹಾಗಿದ್ದ ಮೇಲೆ ದಶಲಕ್ಷಣ ಮುಗಿಯುತ್ತಲೇ ಬರುವ ಕ್ಷಮಾವಣಿಯ ದಿನ ನಾವು ಒಬ್ಬರ ಮುಂದೊಬ್ಬರು ಕೈ ಮುಗಿದು "ಉತ್ತಮ ಕ್ಷಮಾ" ಅನ್ನುವುದು ಯಾತಕ್ಕೆ? ನೀವು ಕ್ಷಮಿಸಿದರೆ ನನ್ನ ಕರ್ಮ ಉದುರುವುದಿಲ್ಲ. ನೀವು ಕ್ಷಮಿಸದಿದ್ದರೂ ನನ್ನ ತಪಸ್ಸು ಕೆಡುವುದಿಲ್ಲ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಲ್ಲಿ, ರಟ್ಟ ಅರಸರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಆ ಕಲ್ಲಿನ ಕಮಲದ ಕೆಳಗೆ ಕುಳಿತು ಈ ಪ್ರಶ್ನೆಯನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಉತ್ತರ ಸಿಕ್ಕಿದ್ದು ನಮ್ಮ ಗ್ರಂಥಗಳಲ್ಲಲ್ಲ, ಕಲ್ಯಾಣದ ಒಬ್ಬ ವೈದಿಕ ಪಂಡಿತನಲ್ಲಿ.

ಆ ಕಲ್ಯಾಣ, ಈಗಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದಾಗ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯಕ್ಕೆ ಆ ಹೆಸರನ್ನು ಕೋರ್ಟುಗಳಲ್ಲಿ ಕೇಳಿದವರು ಬಹಳ ಮಂದಿ. ಅದರ ಮೂರನೆಯ ಭಾಗ ಪ್ರಾಯಶ್ಚಿತ್ತ ಕಾಂಡವನ್ನು ಓದುವವರು ಕಡಿಮೆ. ಅಲ್ಲಿ ಯಾಜ್ಞವಲ್ಕ್ಯ ಹೇಳುವ ಮಾತಿನ ಸಾರ ಇಷ್ಟು: ತಿಳಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ಹೋಗುತ್ತದೆ, ತಿಳಿದು ಮಾಡಿದವನು ಪ್ರಾಯಶ್ಚಿತ್ತದಿಂದ ಜನರ ನಡುವೆ ವ್ಯವಹರಿಸಲು ಯೋಗ್ಯನಾಗುತ್ತಾನೆ. ವಿಜ್ಞಾನೇಶ್ವರ ಇದನ್ನು ಬಿಡಿಸುವ ರೀತಿ ನೋಡಿ. ಪಾಪಕ್ಕೆ ಎರಡು ಶಕ್ತಿಗಳು: ಒಂದು ನರಕಕ್ಕೆ ಒಯ್ಯುವುದು, ಇನ್ನೊಂದು ಜನರೊಡನೆ ಬಾಳುವುದಕ್ಕೆ ಅಡ್ಡಿಯಾಗುವುದು. ಮೊದಲನೆಯದು ನಾಶವಾಗದಿದ್ದರೂ ಎರಡನೆಯದನ್ನು ಪ್ರಾಯಶ್ಚಿತ್ತ ತೆಗೆಯಬಲ್ಲದು.

ನರಕದ ವಿಚಾರವನ್ನು ಅವನು ನೋಡುವುದು ಅವನ ದರ್ಶನದೊಳಗಿನಿಂದ, ನಾನು ನನ್ನದರೊಳಗಿನಿಂದ. ಜಾತಿ ನೋಡಿ ಶಿಕ್ಷೆಯ ಅಳತೆ ಹೇಳುವ ಆ ಸ್ಮೃತಿಯ ಭಾಗಗಳನ್ನು ನಾನು ಒಪ್ಪುವವನಲ್ಲ. ಆದರೆ ಈ ಒಂದು ಬೇರ್ಪಡಿಕೆ ನನ್ನ ಗಂಟನ್ನು ಬಿಚ್ಚಿತು. ತಪ್ಪು ಎರಡು ಕಡೆ ಗಾಯ ಮಾಡುತ್ತದೆ, ಮಾಡಿದವನೊಳಗೆ ಮತ್ತು ಅವನು ಬೆರೆತು ಬಾಳುವ ಜನರ ನಡುವೆ. ಒಳಗಿನದು ಅವನ ತಪಸ್ಸಿಗೆ ಬಿಟ್ಟದ್ದು. ಅದು ಮುಗಿಯಿತೋ ಇಲ್ಲವೋ ನಾನು ಅಳೆಯಲಾರೆ. ನಡುವಿನದನ್ನು ಮಾತ್ರ ನಾವು ಇಬ್ಬರೂ ಸೇರಿ ದುರಸ್ತಿ ಮಾಡಬೇಕು, ಒಬ್ಬರಿಂದ ಆಗುವುದಲ್ಲ. ಕ್ಷಮಾವಣಿ ಇರುವುದು ಅದಕ್ಕೆ. ಅದು ಅವನನ್ನು ಮೊದಲಿನಂತೆ ಮಾಡುತ್ತೇನೆ ಎಂದು ಹೇಳುವುದಿಲ್ಲ. ಜನರ ನಡುವೆ ಮತ್ತೆ ಸಲ್ಲುವಂತೆ ಮಾಡುತ್ತದೆ.

ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ನಿಕಲ್ ವೈರಿನ ಕಟ್ಟುಗಳನ್ನು ಕದ್ದು ಹೊರಗೆ ಮಾರಿಕೊಳ್ಳುತ್ತಿದ್ದ. ನಿಕಲ್ ವೈರು ತುಟ್ಟಿ ಮಾಲು. ಸ್ಟಾಕ್ ತಾಳೆಯಾಗದೆ ವಿಷಯ ಹೊರಬಿತ್ತು, ಅವನು ಹೇಳದೆ ಕೇಳದೆ ಹೋದ. ಕೆಲವು ವರ್ಷಗಳ ಮೇಲೆ ಒಂದು ಸಂಜೆ ಬಂದು ನಿಂತ. "ಕಾಕಾ, ನಾ ಏನೇನ ಒಯ್ದೀನಿ, ಯಾರಿಗಿ ಮಾರೀನಿ, ಎಲ್ಲಾ ಬರಕೊಂಡ ಬಂದೀನಿ" ಅಂದ. ನೋಟ್‌ಬುಕ್ಕಿನ ಎರಡು ಪುಟ. ನಮಗೆ ಗೊತ್ತಾಗಿದ್ದುದಕ್ಕಿಂತ ಅದರಲ್ಲಿ ಬಹಳ ಹೆಚ್ಚಿತ್ತು. ನಾವು ಕಳೆದುಹೋಯಿತೆಂದು ಕೈಬಿಟ್ಟಿದ್ದ ಒಂದು ರೆಗ್ಯುಲೇಟರಿನ ಹೆಸರೂ ಅಲ್ಲಿತ್ತು. ಬೇರೆಯವರು ಕಂಡದ್ದನ್ನಷ್ಟೇ ಒಪ್ಪಿಕೊಳ್ಳುವ ದೋಷದ ಬಗ್ಗೆ ಅವನು ಎಂದೂ ಕೇಳಿದವನಲ್ಲ. ಅಷ್ಟನ್ನೂ ತಾನೇ ಬುಡದವರೆಗೆ ಅಗೆದುಕೊಂಡು ಬಂದಿದ್ದ.

ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡೆ, ಆದರೆ ಸ್ಟೋರಿನ ಬೀಗದ ಕೈ ಕೊಡಲಿಲ್ಲ. ಹಿರಿಯನಾಗಿದ್ದವನು ಈಗ ತನಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡಬೇಕಾಯಿತು. ಇದು ಕ್ಷಮೆಯಲ್ಲ, ಅರ್ಧ ಶಿಕ್ಷೆ ಎಂದು ಮನೆಯಲ್ಲಿ ವಾದವಾಯಿತು. ನನಗೆ ಹಾಗೆ ಅನಿಸುವುದಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತರಲ್ಲಿ ಛೇದ ಎಂಬುದಿದೆ, ದೀಕ್ಷೆಯ ಹಿರಿತನವನ್ನು ಇಷ್ಟು ಕಾಲವೆಂದು ಕಡಿತ ಮಾಡುವುದು. ಪರಿಹಾರ ಎಂಬುದಿದೆ, ಸಂಘದಿಂದ ಗೊತ್ತಾದ ಅವಧಿಯವರೆಗೆ ದೂರವಿಡುವುದು. ಎರಡರಲ್ಲೂ ವಾಪಸ್ ಬರುವ ದಾರಿ ಮೊದಲೇ ಗೊತ್ತಾಗಿರುತ್ತದೆ. ವೆಲ್ಡ್ ಆದ ಡೈಯನ್ನು ನಾವೂ ಪ್ರೆಸ್ಸಿಗೆ ಕಟ್ಟಿದ ಕೂಡಲೇ ಪೂರ್ತಿ ಟನ್ನೇಜಿಗೆ ಓಡಿಸುವುದಿಲ್ಲ. ಮೊದಲ ಕೆಲವು ನೂರು ಪೀಸು ನಿಧಾನವಾಗಿ ತೆಗೆದು, ನಿಲ್ಲಿಸಿ, ಮತ್ತೆ ಕೆಂಪು ಬಣ್ಣ ಹೊಡೆದು ನೋಡುತ್ತೇವೆ. ಇದನ್ನು ಡೈ ಮೇಲಿನ ಅಪನಂಬಿಕೆ ಎಂದು ಯಾರೂ ಅನ್ನುವುದಿಲ್ಲ.

ಮಾಡಿಕೊಡಲು ನಾನು ಒಪ್ಪದ ಜಾಬ್‌ಗಳೂ ಇವೆ. ಕ್ರೇನಿನ ಹುಕ್ಕು, ಭಾರ ಎತ್ತುವ ಗ್ರೇಡ್ 80 ಚೈನು. ಅವು ಹದ ಮಾಡಿದ ಉಕ್ಕಿನವು, ವೆಲ್ಡಿಂಗಿನ ಶಾಖಕ್ಕೆ ಆ ಹದ ಕೆಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಿರಾಕಿಗಳು ಬೇಡಿಕೊಳ್ಳುತ್ತಾರೆ, ಹೆಚ್ಚು ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ಡೈ ಮತ್ತೆ ಸೀಳಿದರೆ ಒಂದು ಪಾಳಿಯ ಕೆಲಸ ಹೋದೀತು. ಹುಕ್ಕು ಸೀಳಿದರೆ ಕೆಳಗೆ ನಿಂತವನ ಜೀವ ಹೋಗುತ್ತದೆ. ಆ ಹುಕ್ಕು ಎಷ್ಟು ಚೆನ್ನಾಗಿ ಕೂಡಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳಬಾರದು. ಅದನ್ನು ಇನ್ನೊಬ್ಬರ ತಲೆಯ ಮೇಲೆ ತೂಗುಹಾಕುವ ಅಧಿಕಾರ ನನಗಿಲ್ಲ.

ಮನುಷ್ಯರ ವಿಷಯದಲ್ಲಿ ಈ ನಿರಾಕರಣೆಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಕಷ್ಟದ ಪ್ರಶ್ನೆ. ಎಂದಿಗೂ ಮೋಕ್ಷಕ್ಕೆ ಬರಲಾರದ ಅಭವ್ಯ ಜೀವಗಳ ಮಾತು ನಮ್ಮ ಶಾಸ್ತ್ರದಲ್ಲಿದೆ. ಆದರೆ ಯಾರು ಅಭವ್ಯ ಎಂದು ತಿಳಿಯುವುದು ಎಲ್ಲವನ್ನೂ ಅರಿತ ಕೇವಲಜ್ಞಾನಿಗೆ ಮಾತ್ರ. ಆದ್ದರಿಂದ ಎದುರಿಗೆ ನಿಂತ ಮನುಷ್ಯನನ್ನು ನೋಡಿ ಇವನು ಭಂಗಾರ ಎನ್ನುವ ಹಕ್ಕು ನಮಗ್ಯಾರಿಗೂ ಇಲ್ಲ. ಮಕ್ಕಳಿಗೆ ಕೇಡು ಮಾಡಿದವನನ್ನು ಮತ್ತೆ ಮಕ್ಕಳ ನಡುವೆ ಕೆಲಸಕ್ಕೆ ಇಡಬಾರದು ಎಂದಾಗ ನಾವು ನಿರಾಕರಿಸುವುದು ಆ ಜಾಗವನ್ನು, ಆ ಜೀವವನ್ನಲ್ಲ. ಅವನ ಪ್ರಾಯಶ್ಚಿತ್ತ ನಿಜವೇ ಇರಬಹುದು; ಇನ್ನೊಬ್ಬರ ಮಗುವನ್ನು ಒಡ್ಡಿ ಅದನ್ನು ಪರೀಕ್ಷಿಸುವಂತಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿಯಲಾರದವರು, ಕ್ಷಮಿಸಿದ ಮೇಲೆ ಎಲ್ಲವನ್ನೂ ವಾಪಸ್ ಕೊಡಬೇಕು ಎನ್ನುತ್ತಾರೆ, ಇಲ್ಲವೇ ಏನನ್ನೂ ಕೊಡದೆ ಬಾಗಿಲು ಮುಚ್ಚುತ್ತಾರೆ. ಊರುಗಳಲ್ಲಿ, ಸಂಘಗಳಲ್ಲಿ, ಮನೆಗಳಲ್ಲಿ ಇದರಿಂದ ಆಗುವ ಅನ್ಯಾಯ ನನ್ನನ್ನು ನೋಯಿಸುತ್ತದೆ.

ದುರಸ್ತಿ ಮಾಡಿದ ಪ್ರತಿ ಡೈಯ ಕೆಲಸ ಮಾಡದ ಬದಿಯಲ್ಲಿ ನಾವು ಎಲೆಕ್ಟ್ರಿಕ್ ಪೆನ್ನಿನಿಂದ ಕೊರೆಯುತ್ತೇವೆ: ತಾರೀಖು, ಎಲ್ಲಿಂದ ಎಲ್ಲಿಯವರೆಗೆ ವೆಲ್ಡ್, ಯಾವ ವೈರು, ಎಷ್ಟು ಪ್ರಿಹೀಟ್. ಅದೇ ವಿವರ ರಿಜಿಸ್ಟರಿನಲ್ಲಿ, ಒಂದು ಪ್ರತಿ ಗಿರಾಕಿಗೆ. ಕೆಲವರಿಗೆ ಇದು ಹಿಡಿಸುವುದಿಲ್ಲ. "ಯಾಕ್ರೀ ಬರೀತೀರಿ, ಮುಂದ ಮಾರೂದಾದ್ರ ರೇಟ್ ಬರೂದಿಲ್ಲ" ಅನ್ನುತ್ತಾರೆ. ಪಾಲಿಶ್ ಮಾಡಿ ಅಳಿಸಿಬಿಡಿ ಎಂದು ಕೇಳಿದವರೂ ಇದ್ದಾರೆ. ನಾನು ಅವರಿಗೆ ಹೇಳುವುದಿಷ್ಟು: ಈ ಡೈ ಇನ್ನೂ ಬಹಳ ವರ್ಷ ಓಡಲಿ ಎಂದೇ ನಾನೂ ಬಯಸುತ್ತೇನೆ. ಓಡಿದರೆ ಮುಂದೊಂದು ದಿನ ಮತ್ತೆ ಸವೆದೀತು, ಮತ್ತೆ ಸೀಳೀತು. ಆಗ ನಾನು ಇರುವುದಿಲ್ಲ, ಬೇರೆ ಯಾವನೋ ಹುಡುಗ ಟಾರ್ಚ್ ಹಿಡಿದಿರುತ್ತಾನೆ. ಒಳಗೆ ಏನಿದೆ ಎಂದು ಅವನಿಗೆ ತಿಳಿದರೆ ಎಷ್ಟಕ್ಕೆ ಕಾಯಿಸಬೇಕು, ಎಲ್ಲಿಂದ ಅಗೆಯಬೇಕು ಎಂದು ಗೊತ್ತಾಗುತ್ತದೆ. ಅಳಿಸಿದರೆ ಅವನೂ ಆಮ್ಲ ಹಚ್ಚಿ ಹುಡುಕುತ್ತ ಕೂರಬೇಕು. ಇಷ್ಟು ಕೇಳಿ ಸುಮಾರು ಜನ ಒಪ್ಪುತ್ತಾರೆ. ಒಪ್ಪದವರ ಡೈಯ ಮೇಲೂ ನಾನು ಬರೆದೇ ಕೊಡುತ್ತೇನೆ.